ಕಾವಿಗೆ ಕೂತ ಕೊಳವೆಬಾವಿ

ಮೊಟ್ಟೆಯನ್ನು ಕಣ್ಣಿನ ರೆಪ್ಪೆಗೆ ತಾಗಿಸಿ ಅದರ ಬಿಸಿ ನೋಡುವುದನ್ನು ಮಗ್ದಲಿನ್‌ಗೆ ಕಲಿಸಿದ್ದು ಅವಳ ತಾಯಿ. ಕೆಲಸ ಮಾಡಿ ದಡ್ಡುಗಟ್ಟಿದ ಕೈ ಸುಳ್ಳು ಹೇಳುತ್ತದೆ, ರೆಪ್ಪೆ ಹೇಳುವುದಿಲ್ಲ ಎಂಬುದು ತಾಯಿಯ ಮಾತು. ಅಕ್ಷರ ಅಷ್ಟಾಗಿ ಬಾರದ ಆ ಹೆಂಗಸು ಮಗಳಿಗೆ ಕೊಟ್ಟ ವಿದ್ಯೆಗಳಲ್ಲಿ ಜಪಸರ ಹೇಳುವುದು ಒಂದು, ಕೋಳಿ ಸಾಕುವುದು ಇನ್ನೊಂದು. ಮಗ್ದಲಿನ್ ಎರಡನ್ನೂ ಬಿಡಲಿಲ್ಲ.

ಮೂವತ್ತಮೂರು ವರ್ಷಗಳ ಹಿಂದೆ ಅವಳನ್ನು ಪುತ್ತಿಗೆ ಕಡೆಯಿಂದ ಪೈವಳಿಕೆಯ ಗುಡ್ಡದ ಬದಿಗೆ ಮದುವೆ ಮಾಡಿ ಕೊಟ್ಟರು. ಮದುವೆಯಾದ ಎಂಟನೆಯ ದಿನಕ್ಕೆ ತಾಯಿ ಎರಡು ಬಸ್ಸು ಬದಲಿಸಿ ಬಂದಿಳಿದಳು. ಮಡಿಲಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಕಾವಿಗೆ ಕೂತ ಕೋಳಿ, ಅದರ ಅಡಿಯಲ್ಲಿ ಹನ್ನೊಂದು ಮೊಟ್ಟೆ. ಕಂಡಕ್ಟರು ಕೋಳಿಗೂ ಟಿಕೇಟು ಬೇಕೆಂದು ತಮಾಷೆ ಮಾಡಿದ್ದನಂತೆ. ಬೂದಿ ಬಣ್ಣದ, ಕತ್ತಿನ ಸುತ್ತ ಕಪ್ಪು ಚುಕ್ಕೆಯ, ತಲೆಯ ಮೇಲೆ ಸಣ್ಣ ಜುಟ್ಟಿದ್ದ ಕೋಳಿ ಅದು. ಆ ಕೋಳಿಯ ಮಕ್ಕಳು ಮೊಮ್ಮಕ್ಕಳೇ ಮಗ್ದಲಿನ್‌ಳ ಹಿತ್ತಲಲ್ಲಿ ಇಷ್ಟು ವರ್ಷವೂ ಕೆದಕಿಕೊಂಡಿದ್ದವು. ದೊಡ್ಡ ಜಾತಿಯಲ್ಲ, ಮೊಟ್ಟೆಯೂ ಸಣ್ಣದೇ. ಆದರೆ ಕಾವು ಕೊಡುವುದರಲ್ಲಿ ಅವನ್ನು ಮೀರಿಸುವ ಕೋಳಿ ಆ ಸುತ್ತಿನಲ್ಲಿರಲಿಲ್ಲ. ನೆರೆಹೊರೆಯವರು ತಮ್ಮ ಮೊಟ್ಟೆಗೆಂದು ಅವಳ ಕೋಳಿಯನ್ನು ಇಪ್ಪತ್ತೊಂದು ದಿನದ ಮಟ್ಟಿಗೆ ಕೇಳಿಕೊಂಡು ಹೋಗುತ್ತಿದ್ದರು. ಬಾತುಮೊಟ್ಟೆ ಇಟ್ಟರೂ ಅವು ಬೇಸರವಿಲ್ಲದೆ ಮರಿ ಮಾಡಿ ಕೊಡುತ್ತಿದ್ದವು. ತಾಯಿ ತೀರಿಕೊಂಡ ಮೇಲೆ ಮಗ್ದಲಿನ್‌ಗೆ ತವರಿನಿಂದ ಬಂದದ್ದೆಂದು ಉಳಿದದ್ದು ಈ ಜುಟ್ಟಿನ ಕೋಳಿಗಳು ಮಾತ್ರ.

ಅವಳ ಗಂಡ ಆಂಬ್ರೋಸ್ ಇಪ್ಪತ್ತು ವರ್ಷ ಬಹರೈನ್‌ನಲ್ಲಿ ಪೈಪು ಜೋಡಿಸುವ ಕೆಲಸ ಮಾಡಿ ಬಂದವನು. ಬಾಯಿ ಸುಮ್ಮನಿರದ ಮನುಷ್ಯ, ಕೈಯೂ ಅಷ್ಟೆ. ಎರಡು ವರ್ಷದ ಹಿಂದೆ, ಹಳೆಯ ಬಾವಿ ಏಪ್ರಿಲ್‌ಗೇ ತಳ ಕಾಣುತ್ತದೆಂದು ಅಂಗಳದ ಮೇಲಿನ ಸಮತಟ್ಟಿನಲ್ಲಿ ಕೊಳವೆಬಾವಿ ತೋಡಿಸಿದ. ಆರುನೂರು ಅಡಿಯವರೆಗೆ ಬರೀ ಧೂಳು. ಯಂತ್ರದವರು ಸಾಕೆಂದರು. ಆಂಬ್ರೋಸ್, "ಇನ್ನೊಂದು ಐವತ್ತು ಅಡಿ" ಎಂದ. ಹಾಗೆ ಐವತ್ತು ಐವತ್ತು ಎನ್ನುತ್ತ ಎಂಟುನೂರ ನಲವತ್ತಕ್ಕೆ ತಲುಪಿದಾಗ ನೀರು ಬಂತು. ಪಂಪು ಬೇಕಾಗಲಿಲ್ಲ, ಕೈತೋಳಿನ ದಪ್ಪಕ್ಕೆ ತಾನಾಗಿ ಉಕ್ಕಿತು. ಆಂಬ್ರೋಸ್ ಸಂತೋಷದಿಂದ ಎರಡೂ ಕೈ ಒಡ್ಡಿದವನು ಹಾಗೆಯೇ ಹಿಂದಕ್ಕೆಳೆದುಕೊಂಡ. ನೀರು ಬಿಸಿ. ಮೇಲಿಂದ ಗಂಧಕದ ವಾಸನೆ, ಕೊಳೆತ ಮೊಟ್ಟೆಯ ಹಾಗೆ.

ಊರಿಗೆ ಒಂದು ವರ್ಷಕ್ಕಾಗುವಷ್ಟು ನಗು ಸಿಕ್ಕಿತು. "ಅಂಬ್ರು, ಸ್ವಲ್ಪ ಚಾಹುಡಿ ಹಾಕು ಮಾರಾಯ, ವಾರ್ಡಿಗೆಲ್ಲ ಚಾ ಆದೀತು" ಎಂದು ಬಸ್‌ಸ್ಟ್ಯಾಂಡಿನಲ್ಲಿ ಕೂಗುವವರಿದ್ದರು. ಪಂಚಾಯತಿನವರು ನೀರಿನ ಸ್ಯಾಂಪಲ್ ಒಯ್ದರು. ಕುಡಿಯಲು ಆಗದು, ಮೈಗೆ ತಾಗಿದರೆ ತೊಂದರೆಯಿಲ್ಲ ಎಂದು ಉತ್ತರ ಬಂತು. ಕಾಸರಗೋಡಿನ ಕಾಲೇಜಿನಲ್ಲಿ ಭೂಗರ್ಭಶಾಸ್ತ್ರ ಓದುತ್ತಿದ್ದ ದೀಪ್ತಿ ಎಂಬ ಹುಡುಗಿ ಮೂರು ಸಲ ಬಂದು ಅಳೆದು ಹೋದಳು. ಮಳೆಗಾಲದಲ್ಲೂ ನಲವತ್ತೆರಡೂವರೆ ಡಿಗ್ರಿ, ಚಳಿಯಲ್ಲೂ ಅಷ್ಟೆ, ಬೇಸಿಗೆಯಲ್ಲೂ ಅಷ್ಟೆ.

"ಆಂಟೀ, ಕೆಳಗೆ ಹೋದ ಹಾಗೆ ಭೂಮಿ ಬಿಸಿಯಿರ್ತದೆ," ಎಂದು ಅವಳು ಚಾವಡಿಯ ಮೆಟ್ಟಿಲಲ್ಲಿ ಕೂತು ಹೇಳಿದ್ದಳು. "ಎಷ್ಟೋ ವರ್ಷದ ಹಿಂದಿನ ಮಳೆನೀರು ಬಂಡೆಯ ಬಿರುಕಿನಲ್ಲಿ ಇಳಿದಿಳಿದು, ಅಡಿಯಲ್ಲಿ ಕಾದು, ದಾರಿ ಸಿಕ್ಕಿದ ಕೂಡಲೇ ಮೇಲೆ ಬಂದದ್ದು. ಇದಕ್ಕೆ ಸೌದೆ ಬೇಡ, ಕರೆಂಟು ಬೇಡ."

ಮಗ್ದಲಿನ್ ಎಲ್ಲವನ್ನೂ ಕೇಳಿ, "ಹಾಗಾದರೆ ದೇವರು ಒಳಗೆ ಒಲೆ ಉರಿಸಿಟ್ಟ ಹಾಗಾಯಿತು" ಎಂದಳು. ದೀಪ್ತಿ ಹೋಗುವಾಗ ಒಂದು ಥರ್ಮೋಮೀಟರು ಬಿಟ್ಟುಹೋದಳು.

ಆದರೆ ಆ ಒಲೆಯ ಮೇಲೆ ಏನಿಡಬೇಕೆಂದು ಮನೆಯವರಿಗೆ ತಿಳಿಯಲಿಲ್ಲ. ಬೋರಿನ ನೀರು ತೋಟಕ್ಕೆ, ಬಾವಿಯ ನೀರು ಮನೆಗೆ. ಅದು ಆ ಕಡೆಯ ನಡವಳಿಕೆ; ಅದನ್ನು ಮೀರುವ ಯೋಚನೆ ಯಾರಿಗೂ ಬರುವುದಿಲ್ಲ. ಬಿಸಿನೀರು ಹಾಯಿಸಿದರೆ ಅಡಿಕೆ ಸಸಿ ಬಾಡುತ್ತದೆಂದು ಆಂಬ್ರೋಸ್ ಒಂದು ದೊಡ್ಡ ಟ್ಯಾಂಕಿ ಕಟ್ಟಿಸಿದ. ನೀರು ಅದರಲ್ಲಿ ಒಂದು ದಿನ ನಿಂತು ತಣಿಯಬೇಕು, ಆಮೇಲೆ ತೋಟಕ್ಕೆ. ಎರಡು ವರ್ಷ ಹಾಗೆಯೇ ನಡೆಯಿತು.

ಈ ಮೇ ತಿಂಗಳಲ್ಲಿ ಮಗ ಮೆರ್ವಿನ್‌ಗೆ ಮದುವೆಯಾಯಿತು. ಅವನು ಉಪ್ಪಳದಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟವನು. ಮನೆಗೆ ಬಂದ ಸೊಸೆ ಜೋಯ್ಸ್ ಮೂರನೆಯ ದಿನ ಬಚ್ಚಲೊಲೆಗೆ ತೆಂಗಿನ ಸಿಪ್ಪೆ ತುರುಕುತ್ತಿದ್ದ ಅತ್ತೆಯನ್ನು ನೋಡಿ, ಆಮೇಲೆ ಕಿಟಕಿಯಿಂದ ಟ್ಯಾಂಕಿಯನ್ನು ನೋಡಿ, ಮೆಲ್ಲಗೆ ಕೇಳಿದಳು:

"ಮಾಂಯ್, ಅಲ್ಲಿ ನೀರು ತಣಿಸುವುದು, ಇಲ್ಲಿ ನೀರು ಕಾಯಿಸುವುದು. ಎರಡೂ ಒಂದೇ ಮನೆಯದ್ದಲ್ವಾ?"

ಮಗ್ದಲಿನ್ ಸಿಪ್ಪೆ ಹಿಡಿದ ಕೈಯನ್ನು ಹಾಗೆಯೇ ನಿಲ್ಲಿಸಿದಳು. "ಅದು ವಾಸನೆ ಬರ್ತದೆ ಮಗಾ" ಎಂದಳು. ಉತ್ತರ ಸಾಲದೆಂದು ಅವಳಿಗೇ ಅನ್ನಿಸಿತು. ಆದರೆ ಮದುವೆಮನೆಯ ಪಾತ್ರೆ ತೊಳೆದು ಮುಗಿದಿರಲಿಲ್ಲ, ಮಾತು ಅಲ್ಲಿಗೇ ನಿಂತಿತು.

ನಿಂತದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಮರುದಿನ ಬೆಳಿಗ್ಗೆ ಒಂದು ಹೇಂಟೆ ಗೂಡಿನಿಂದ ಇಳಿಯಲಿಲ್ಲ.

ಮದುವೆಯ ಹಿಂದಿನ ದಿನ, ಮದುಮಗನಿಗೆ ತೆಂಗಿನಹಾಲು ಹಚ್ಚುವ ರೋಸ್ ಶಾಸ್ತ್ರಕ್ಕೆ, ಆಂಬ್ರೋಸನ ಅಕ್ಕ ಮೂರು ಕೋಳಿ ತಂದಿದ್ದಳು. ಬರುವ ದಾರಿಯ ಸಂತೆಯಲ್ಲಿ ಕೊಂಡದ್ದು. ಅವುಗಳಲ್ಲೊಂದು ತೂಕಡಿಸುತ್ತಿದ್ದುದನ್ನು ಮಗ್ದಲಿನ್ ನೋಡಿದ್ದಳು. ಬೇರೆ ಕಟ್ಟಿಹಾಕಬೇಕೆಂದು ಮನಸ್ಸು ಹೇಳಿತ್ತು ಕೂಡ. ಆದರೆ ಉಡುಗೊರೆಯೆಂದು ಬಂದ ಕೋಳಿಯನ್ನು ಮನೆಯ ಕೋಳಿಯಿಂದ ದೂರ ಕಟ್ಟಿದರೆ ತಂದವರನ್ನೇ ಜಗಲಿಯಲ್ಲಿ ಕೂರಿಸಿದ ಹಾಗೆ. ಅತ್ತಿಗೆ ಅಲ್ಲೇ ನಿಂತು ನೋಡುತ್ತಿದ್ದಳು. ಮಗ್ದಲಿನ್ ನಗುತ್ತಲೇ ಮೂರನ್ನೂ ಗೂಡಿಗೆ ಬಿಟ್ಟಳು.

ಐದು ದಿನಗಳಲ್ಲಿ ಗೂಡು ಖಾಲಿಯಾಯಿತು. ಕತ್ತು ತಿರುಚಿಕೊಂಡು, ಹಸಿರು ಹಿಕ್ಕೆ ಹಾಕಿ, ಒಂದರ ಹಿಂದೆ ಒಂದು. ರೋಗ ಬೇಲಿ ದಾಟಿತು. ಪಕ್ಕದ ಮನೆಯ ದಮಯಂತಿಯ ಕೋಳಿಗಳು ಹೋದವು, ಕೆಳಗಿನ ಮನೆಗಳವೂ ಹೋದವು. ಜುಟ್ಟಿನ ಕೋಳಿ ಎಂಬುದು ಊರಲ್ಲೇ ಉಳಿಯಲಿಲ್ಲ. ಮೃಗಾಸ್ಪತ್ರೆಯ ಡಾಕ್ಟರು ಬಂದು ಸುಣ್ಣ ಹಾಕಿ ಹೂಳಿಸಿದರು, ಹೊರಗಿನಿಂದ ಕೋಳಿ ತರಬೇಡಿ, ಇಲ್ಲಿಂದ ಎಲ್ಲಿಗೂ ಏನನ್ನೂ ಕೊಡಬೇಡಿ ಎಂದರು.

ಆಗ ಮಗ್ದಲಿನ್ ಒಳಗಿನ ಕೋಣೆಯಿಂದ ಅಕ್ಕಿ ತುಂಬಿದ ಮಡಕೆಯನ್ನು ತಂದು ಅವರ ಎದುರು ಇಟ್ಟಳು. ಅಕ್ಕಿಯ ನಡುವೆ ಹತ್ತೊಂಬತ್ತು ಮೊಟ್ಟೆ. ಮದುವೆ ಮುಗಿದ ಮೇಲೆ ಕಾವಿಗಿಡೋಣವೆಂದು ಕೂಡಿಟ್ಟದ್ದು.

"ಇದು ರೋಗ ಬರುವ ಮೊದಲಿನದ್ದು ಸಾರ್."

ಡಾಕ್ಟರು ಒಂದು ಮೊಟ್ಟೆ ಎತ್ತಿ ನೋಡಿದರು. "ಮೊದಲಿನದ್ದಾದರೆ ಮರಿಯಾಗಬಹುದು. ಗ್ಯಾರಂಟಿ ಹೇಳಲಾರೆ. ಬೇರೆಯವರ ಮೆಷಿನಿಗೆ ಕೊಂಡುಹೋಗಬಾರದು, ಅಲ್ಲಿಗೂ ರೋಗ ಹೋದೀತು. ಮಾಡುವುದಾದರೆ ಇಲ್ಲಿಯೇ. ಬೇಗ ಮಾಡಿ, ಹತ್ತು ದಿನ ದಾಟಿದ ಮೊಟ್ಟೆಯಲ್ಲಿ ಜೀವ ಕುಗ್ಗುತ್ತದೆ."

ಅತ್ಯಂತ ಹಳೆಯ ಮೊಟ್ಟೆಗೆ ಆಗಲೇ ಹನ್ನೊಂದು ದಿನವಾಗಿತ್ತು. ತಾಯಿಯ ಕೋಳಿಗಳಲ್ಲಿ ಇನ್ನು ಉಳಿದದ್ದು ಈ ಹತ್ತೊಂಬತ್ತೇ, ಅವುಗಳ ಮೇಲೆ ಕೂರಲು ಊರಲ್ಲಿ ಒಂದು ಕೋಳಿಯೂ ಇಲ್ಲ.

ಆಂಬ್ರೋಸ್ ಥರ್ಮೋಕೋಲ್ ಪೆಟ್ಟಿಗೆಗೆ ಬಲ್ಬು ಹಾಕಿ ತಯಾರು ಮಾಡಿದ. ಮೊಟ್ಟೆ ಇಡುವ ಮೊದಲೇ ಸಂಜೆಯ ಗುಡುಗಿಗೆ ಕರೆಂಟು ಹೋಯಿತು, ಮರುದಿನ ಬೆಳಿಗ್ಗೆಯ ತನಕ ಬರಲಿಲ್ಲ. ಮೇ ಕೊನೆಯಿಂದ ಅಲ್ಲಿ ಕರೆಂಟಿನ ಕಥೆ ಅಷ್ಟೇ ಎಂದು ಎಲ್ಲರಿಗೂ ಗೊತ್ತು. ಮಗ್ದಲಿನ್ ಒಂದು ಮೊಟ್ಟೆಯನ್ನು ಅಂಗೈಯಲ್ಲಿ ಹಿಡಿದು ಮೆಟ್ಟಿಲಲ್ಲಿ ಕೂತಿದ್ದಳು. ಟ್ಯಾಂಕಿಗೆ ನೀರು ಬೀಳುವ ಶಬ್ದ ಕೇಳುತ್ತಿತ್ತು. ಸೊಸೆಯ ಮಾತು ಆಗ ಅವಳ ಮನಸ್ಸಿನಲ್ಲಿ ಪೂರ್ತಿಯಾಯಿತು.

"ನಿಮ್ಮ ನೀರು ಪೈಪಿನಲ್ಲಿ ಇಲ್ಲಿಯವರೆಗೆ ಬಂದರೆ ಎಷ್ಟು ಬಿಸಿ ಉಳಿದೀತು?" ಎಂದು ಗಂಡನನ್ನು ಕೇಳಿದಳು.

ಎರಡು ವರ್ಷದಿಂದ ಆ ನೀರಿನ ಬಗ್ಗೆ ಯಾರೂ ಅವನನ್ನು ನಗದೆ ಕೇಳಿರಲಿಲ್ಲ. ಆಂಬ್ರೋಸ್ ಎದ್ದೇಬಿಟ್ಟ. ಮಧ್ಯಾಹ್ನದೊಳಗೆ ಕೊಟ್ಟಿಗೆಯ ಮೂಲೆಯಲ್ಲಿ ಪೈಪಿನ ಸುರುಳಿ, ಅದರ ಮೇಲೆ ತಗಡು, ತಗಡಿನ ಮೇಲೆ ಹೊಟ್ಟು, ಎಲ್ಲ ಸಿದ್ಧ. "ಇನ್ನು ಮೊಟ್ಟೆ ಇಡು" ಎಂದು ಸೊಂಟಕ್ಕೆ ಕೈ ಕೊಟ್ಟು ನಿಂತ.

ಮಗ್ದಲಿನ್ ನೋಡಿದಳು. ಹೊಟ್ಟಿನ ಮೇಲೆ ಅಂಗೈ ಇಟ್ಟಳು. ತಲೆಯಾಡಿಸಿದಳು.

"ಇದಾಗ್ಲಿಕ್ಕಿಲ್ಲ."

"ಎಂತಕ್ಕೆ? ಡಿಗ್ರಿ ಸರಿ ಉಂಟು ನೋಡು."

"ಕೋಳಿ ಮೊಟ್ಟೆಯ ಮೇಲೆ ಕೂರುವುದು. ಮೊಟ್ಟೆ ಕೋಳಿಯ ಮೇಲೆ ಕೂರುವುದಾ? ಕೆಳಗಿನಿಂದ ಬಿಸಿ ಮಾಡಿದರೆ ದೋಸೆಯಾದೀತು, ಮರಿ ಆಗ್ಲಿಕ್ಕಿಲ್ಲ."

"ಬಹರೈನ್‌ನಲ್ಲಿ ಹತ್ತು ಮಾಳಿಗೆಗೆ ನೀರು ಹತ್ತಿಸಿದ್ದೇನೆ ಮಾರಾಯ್ತಿ ನಾನು."

"ಅಲ್ಲಿ ಮೊಟ್ಟೆ ಇಟ್ಟಿದ್ದೀರಾ?"

ಬೇಲಿಯ ಆಚೆಯಿಂದ ಕೇಳುತ್ತಿದ್ದ ದಮಯಂತಿ ನಕ್ಕುಬಿಟ್ಟಳು. ಅವಳು ದೊಡ್ಡ ಬಾಯಿಯ, ದೊಡ್ಡ ಮನಸ್ಸಿನ ಹೆಂಗಸು; ಆ ಕಡೆಯ ರೂಢಿಯಂತೆ ಆಂಬ್ರೋಸನಿಗೆ ಪೊರ್ಬುಗಳು, ಮಗ್ದಲಿನ್‌ಗೆ ಬಾಯಮ್ಮ ಎನ್ನುವವಳು. "ಪೊರ್ಬುಗಳೇ, ಸೋತೆ ಅಂತ ಹೇಳಿಬಿಡಿ. ಕೋಳಿಯ ವಿಷಯದಲ್ಲಿ ಬಾಯಮ್ಮನ ಹತ್ರ ಗೆದ್ದವರಿಲ್ಲ" ಎಂದಳು.

ಆಂಬ್ರೋಸ್ ಸೋತೆ ಎನ್ನಲಿಲ್ಲ. ಮೋಟರ್‌ಸೈಕಲ್ ಹತ್ತಿ ಹೋಗಿ ಪಂಚರ್ ಅಂಗಡಿಯಿಂದ ಲಾರಿಯ ಹಳೆಯ ಟ್ಯೂಬು ತಂದ. ಅದರಿಂದ ಮೊಳದುದ್ದದ ತುಂಡು ಕತ್ತರಿಸಿ, ಎರಡೂ ತುದಿಗೆ ಸಣ್ಣ ಪೈಪು ಸಿಕ್ಕಿಸಿ ಬಿಗಿದು ಕಟ್ಟಿದ. ಒಂದು ತುದಿಯಿಂದ ಬಿಸಿನೀರು ಮೆಲ್ಲನೆ ಒಳಗೆ, ಇನ್ನೊಂದರಿಂದ ಹೊರಗೆ. ನೀರು ತುಂಬಿದಾಗ ಅದು ಉಬ್ಬಿ, ಮೆತ್ತಗೆ, ಕಾವಿಗೆ ಕೂತ ಕೋಳಿಯ ಹೊಟ್ಟೆಯ ಹಾಗೆಯೇ ಆಯಿತು. ಮಗ್ದಲಿನ್ ಅದಕ್ಕೆ ತನ್ನ ಹಳೆಯ ಹತ್ತಿ ಸೀರೆ ಸುತ್ತಿದಳು. ಬುಟ್ಟಿಯಲ್ಲಿ ಹೊಟ್ಟು ಹಾಸಿ, ಮಾರ್ಕೆಟಿನ ಒಂದು ಮೊಟ್ಟೆ ಇಟ್ಟು ಇಡೀ ದಿನ ಪರೀಕ್ಷೆ ನಡೆಯಿತು. ಆಂಬ್ರೋಸ್ ವಾಲ್ವು ತಿರುಗಿಸುವುದು, ಮಗ್ದಲಿನ್ ಮೊಟ್ಟೆ ತೆಗೆದು ರೆಪ್ಪೆಗೆ ತಾಗಿಸುವುದು. "ಹೆಚ್ಚಾಯಿತು." "ಈಗ ಕಡಿಮೆ." ಕೊನೆಗೊಮ್ಮೆ ಅವಳು ಸುಮ್ಮನೆ ತಲೆಯಾಡಿಸಿದಾಗ ಆಂಬ್ರೋಸ್ ಥರ್ಮೋಮೀಟರು ನೋಡಿದ. ಮೂವತ್ತೆಂಟು. ವಾಲ್ವಿನ ಮೇಲೆ ಬಣ್ಣದ ಗೆರೆ ಎಳೆದ.

ಮರುದಿನ ಬೆಳಿಗ್ಗೆ ಹತ್ತೊಂಬತ್ತು ಮೊಟ್ಟೆ ಬುಟ್ಟಿ ಸೇರಿದವು. ಪ್ರತಿಯೊಂದರ ಒಂದು ಬದಿಗೆ ಮಗ್ದಲಿನ್ ಪೆನ್ಸಿಲಿನಿಂದ ಸಣ್ಣ ಶಿಲುಬೆ ಬರೆದಿದ್ದಳು. ಅದು ಪ್ರಾರ್ಥನೆಗೂ ಆಯಿತು, ಯಾವ ಬದಿ ಮೇಲಿದೆಯೆಂಬ ಗುರುತಿಗೂ ಆಯಿತು. ಗುಡುಗಿಗೆ ಮೊಟ್ಟೆ ಕೆಡದಂತೆ ದಮಯಂತಿ ಒಂದು ಕಬ್ಬಿಣದ ಮೊಳೆ, ಒಂದು ಇದ್ದಿಲಿನ ತುಂಡು ತಂದು ಬುಟ್ಟಿಯ ಅಂಚಿಗಿಟ್ಟಳು. ಮಗ್ದಲಿನ್ ಅದರ ಪಕ್ಕ ಗರಿಗಳ ಭಾನುವಾರ ಇಗರ್ಜಿಯಿಂದ ತಂದ ಒಣಗಿದ ಗರಿ ಇಟ್ಟಳು.

"ಇಷ್ಟೆಲ್ಲ ಸಾಮಾನು ಇಟ್ಟರೆ ಮೊಟ್ಟೆಗೆ ಜಾಗ ಬೇಡವಾ?" ಎಂದ ಆಂಬ್ರೋಸ್.

"ನೀವು ನಿಮ್ಮ ಪೈಪು ನೋಡಿಕೊಳ್ಳಿ" ಎಂದರು ಇಬ್ಬರೂ ಒಟ್ಟಿಗೆ.

ಹೀಗೆ ಮಗ್ದಲಿನ್‌ಳ ಕಾವು ಶುರುವಾಯಿತು. ಇಗರ್ಜಿಯಲ್ಲಿ ದಿನಕ್ಕೆ ಮೂರು ಹೊತ್ತು ಪ್ರಾರ್ಥನೆಯ ಗಂಟೆ ಹೊಡೆಯುತ್ತದೆ: ಬೆಳಿಗ್ಗೆ, ಮಧ್ಯಾಹ್ನ, ಮುಸ್ಸಂಜೆ. ಗಂಟೆ ಕೇಳಿದ ಕೂಡಲೇ ಅವಳು ಕೊಟ್ಟಿಗೆಗೆ ಹೋಗಿ, ಪ್ರಾರ್ಥನೆ ಹೇಳುತ್ತ, ಒಂದೊಂದೇ ಮೊಟ್ಟೆ ಮಗುಚುವಳು. ಕೋಳಿ ದಿನಕ್ಕೊಮ್ಮೆ ಮೇಯಲು ಎದ್ದುಹೋಗುತ್ತದಲ್ಲ, ಆ ಲೆಕ್ಕಕ್ಕೆ ಮಧ್ಯಾಹ್ನ ಒಂದು ಜಪಸರ ಮುಗಿಯುವಷ್ಟು ಹೊತ್ತು ಟ್ಯೂಬು ಎತ್ತಿ ಮೊಟ್ಟೆಗೆ ಗಾಳಿ ಆಡಿಸುವಳು. ಮಾತು ಕಡಿಮೆ ಮಾಡಿದಳು. ಮದುವೆಗೆ ಬಾರದವರು ನೋಡಲು ಬಂದರೆ ಜೋಯ್ಸ್ ಚಾ ಕೊಡುತ್ತಿದ್ದಳು. ಮಾಂಯ್ ಎಲ್ಲಿ ಎಂದರೆ, "ಕಾವಿಗೆ ಕೂತಿದ್ದಾರೆ" ಎನ್ನುತ್ತಿದ್ದಳು.

ಏಳನೆಯ ದಿನ ಜೋಯ್ಸ್ ಮೊಬೈಲಿನ ಟಾರ್ಚು ಹಿಡಿದು ಮೊಟ್ಟೆಗಳ ಒಳಗನ್ನು ತೋರಿಸಿದಳು. ಆರರಲ್ಲಿ ಏನೂ ಇರಲಿಲ್ಲ. ಹದಿಮೂರರಲ್ಲಿ ಕೆಂಪು ಎಳೆಗಳು ಜೇಡನ ಬಲೆಯಂತೆ ಹರಡಿ, ನಡುವೆ ಒಂದು ಚುಕ್ಕೆ ಮಿಡಿಯುತ್ತಿತ್ತು. ಮಗ್ದಲಿನ್ ಶಿಲುಬೆ ಹಾಕಿಕೊಂಡಳು.

ಹದಿಮೂರನೆಯ ದಿನ ಭಾನುವಾರ. ಮನೆಮಂದಿಯೆಲ್ಲ ಪೂಜೆಗೆ ಹೋಗಿದ್ದರು. ಪ್ರವಚನದ ನಡುವೆ ಗಾಳಿ ಎದ್ದು, ಮಳೆ ಇಗರ್ಜಿಯ ಹೆಂಚಿನ ಮೇಲೆ ಕಲ್ಲು ಸುರಿದಂತೆ ಬಿತ್ತು. ಮಗ್ದಲಿನ್ ಎರಡು ಸಲ ಬಾಗಿಲಿನತ್ತ ನೋಡಿದಳು, ಎದ್ದುಹೋಗುವುದು ಸರಿಯಲ್ಲವೆಂದು ಕೂತಳು. ಮನೆಗೆ ಬಂದಾಗ ಹತ್ತೂವರೆ. ತೆಂಗಿನ ಒಣಮಡಲು ಬಿದ್ದು ಪೈಪು ಮುರಿದಿತ್ತು. ಬಿಸಿನೀರು ಅಂಗಳದಲ್ಲೆಲ್ಲ ಹರಿದು, ಟ್ಯೂಬು ಚಪ್ಪಟೆಯಾಗಿ ಮೊಟ್ಟೆಗಳ ಮೇಲೆ ಬಿದ್ದಿತ್ತು.

ಅವಳು ಇಗರ್ಜಿಯ ಸೀರೆಯಲ್ಲೇ ನೆಲದ ಮೇಲೆ ಕೂತು ಒಂದು ಮೊಟ್ಟೆಯನ್ನು ರೆಪ್ಪೆಗೆ ಹಿಡಿದಳು. ಗೋಡೆಯಷ್ಟೇ ತಣ್ಣಗಿತ್ತು. ಇನ್ನೊಂದು ತೆಗೆದಳು. ಅದೂ ಹಾಗೆಯೇ.

"ಎಷ್ಟು ಹೊತ್ತಾಗಿರಬಹುದು?" ಎಂದಳು. ಆಂಬ್ರೋಸ್ ಒದ್ದೆ ಬಟ್ಟೆಯಲ್ಲೇ ಪೈಪು ಜೋಡಿಸಿದ, ಅವತ್ತು ಒಂದು ತಮಾಷೆಯೂ ಮಾಡಲಿಲ್ಲ. ಅರ್ಧ ಗಂಟೆಯಲ್ಲಿ ಟ್ಯೂಬು ಮತ್ತೆ ಉಬ್ಬಿತು.

ಆ ಮಧ್ಯಾಹ್ನ ಅನ್ನದ ಮುಂದೆ ಕೂತು ಮಗ್ದಲಿನ್ ಮೊದಲ ಸಲ ಬಾಯಿಬಿಟ್ಟು ಹೇಳಿದಳು: "ನಾನೇ ಕೊಂದದ್ದು. ಆ ಕೋಳಿ ತೂಕಡಿಸುವುದನ್ನು ನೋಡಿಯೇ ಗೂಡಿಗೆ ಬಿಟ್ಟೆ. ದಮಯಂತಿಯದ್ದೂ ನಾನೇ ಕೊಂದ ಹಾಗೆ."

"ಅಕ್ಕನಿಗೆ ಫೋನ್ ಮಾಡಿ ಹೇಳ್ತೇನೆ ನಾನು" ಎಂದ ಆಂಬ್ರೋಸ್.

"ಎಂತ ಹೇಳುವುದು? ಪ್ರೀತಿಯಿಂದ ತಂದದ್ದು ಅವರು. ಈ ಮಾತು ಅವರ ಕಿವಿಗೆ ಬೀಳಬಾರದು." ಬೀಳಲಿಲ್ಲ. ಇವತ್ತಿಗೂ ಆ ಅತ್ತಿಗೆಗೆ ಗೊತ್ತಿಲ್ಲ.

ಬೇಲಿಯಾಚೆ ದಮಯಂತಿಗೆ ಮಾತ್ರ ಗೊತ್ತಿತ್ತು, ಮೊದಲಿನಿಂದಲೂ. ಸಂಜೆ ಅವಳು ಬಂದು ಬುಟ್ಟಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು, "ಬಾಯಮ್ಮ, ನಿಮ್ಮ ಮದುವೆಗೆ ಬಂದ ರೋಗಕ್ಕೆ ನಮ್ಮ ಮನೆಯ ಕೋಳಿಯೂ ಹೋಯಿತು. ಲೆಕ್ಕಕ್ಕೆ ಎರಡು ಮರಿ ನನಗೆ ಬರ್ಲಿಕ್ಕುಂಟು. ಹಾಗಾಗಿ ಸುಮ್ಮನೆ ಅಳ್ತಾ ಕೂರಬೇಡಿ, ಮೊಟ್ಟೆ ಮಗುಚಿ" ಎಂದಳು. ಗಂಟೆ ಹೊಡೆಯಿತು. ಮಗ್ದಲಿನ್ ಮಗುಚಿದಳು.

ಟಾರ್ಚು ಹಿಡಿದು ನೋಡೋಣವೆಂದು ಜೋಯ್ಸ್ ಹೇಳಿದಳು. ಆದರೆ ಒಳಗೆಲ್ಲ ಕಪ್ಪಾಗಿ ತುಂಬಿಕೊಂಡ ಮೊಟ್ಟೆಯಲ್ಲಿ ಬದುಕಿದ್ದೂ ಸತ್ತದ್ದೂ ಒಂದೇ ಥರ ಕಂಡಿತು. ಕಾಯುವುದಲ್ಲದೆ ಬೇರೆ ದಾರಿಯಿರಲಿಲ್ಲ. ಹದಿನೆಂಟಕ್ಕೆ ಮಗುಚುವುದು ನಿಂತಿತು, ಇನ್ನು ಮರಿ ತನ್ನ ಜಾಗ ತಾನು ನೋಡಿಕೊಳ್ಳಬೇಕು. ಇಪ್ಪತ್ತೊಂದು ಬಂತು. ಬೆಳಗಿನಿಂದ ಸಂಜೆಯವರೆಗೆ ಬುಟ್ಟಿಯಿಂದ ಒಂದು ಶಬ್ದವೂ ಇಲ್ಲ. ಇಪ್ಪತ್ತೆರಡರ ಬೆಳಿಗ್ಗೆಯೂ ಹಾಗೆಯೇ.

"ಆಯಿತಲ್ಲ ಮಗ್ದು," ಎಂದ ಆಂಬ್ರೋಸ್ ಮೃದುವಾಗಿ. "ಒಡೆದು ವಾಸನೆ ಬರುವ ಮೊದಲು ಹೂಳಿಬಿಡುವ."

"ನಿಮ್ಮ ಬೋರಿನ ವಾಸನೆಯಲ್ಲಿ ಎರಡು ವರ್ಷ ಬದುಕಿದ್ದೇವೆ. ಇನ್ನೊಂದು ದಿನ ನಿಂತರೆ ಸಾಯುವುದಿಲ್ಲ."

ಆಮೇಲೆ ಅವಳು ತಾಯಿ ಮಾಡುತ್ತಿದ್ದ ಒಂದು ಕೊನೆಯ ಪರೀಕ್ಷೆ ಮಾಡಿದಳು. ಅಲ್ಯೂಮಿನಿಯಂ ಬೋಗುಣಿಯಲ್ಲಿ ಬೋರಿನ ನೀರನ್ನೇ ಹಿಡಿದು, ಉಗುರುಬೆಚ್ಚಗಾಗುವ ತನಕ ಬಿಟ್ಟು, ನೀರು ಅಲುಗದೆ ನಿಂತ ಮೇಲೆ ಹದಿಮೂರನ್ನೂ ಒಂದೊಂದಾಗಿ ಬಿಟ್ಟಳು. ಜೀವವಿದ್ದ ಮೊಟ್ಟೆ ತೇಲಿ, ತಾನಾಗಿ ಅಲ್ಲಾಡುತ್ತದೆ. ನಾಲ್ವರೂ ಬೋಗುಣಿಯ ಸುತ್ತ ಕೂತು ಉಸಿರು ಬಿಗಿಹಿಡಿದರು. ಮೊಟ್ಟೆಗಳು ಸುಮ್ಮನಿದ್ದವು. ಮೆರ್ವಿನ್ ಏನೋ ಹೇಳಲು ಬಾಯಿ ತೆರೆದ, ಜೋಯ್ಸ್ ಅವನ ಮೊಣಕೈ ಹಿಡಿದಳು.

ಅಂಚಿನಲ್ಲಿದ್ದ ಒಂದು ಮೊಟ್ಟೆ ಸಣ್ಣಗೆ ನಡುಗಿತು. ನೀರಿನಲ್ಲಿ ಉಂಗುರವೊಂದು ಹುಟ್ಟಿ ಬೋಗುಣಿಯ ಬದಿ ತಾಗಿತು. ಆಮೇಲೆ ನಡುವಿನದ್ದು. ಆಮೇಲೆ ಇನ್ನೊಂದು. ಎಂಟು ಅಲ್ಲಾಡಿದವು, ಐದು ಅಲ್ಲಾಡಲಿಲ್ಲ. ಮಗ್ದಲಿನ್ ಎಲ್ಲವನ್ನೂ ಒರಸಿ ಮತ್ತೆ ಬುಟ್ಟಿಯಲ್ಲಿಟ್ಟಳು, ಅಲ್ಲಾಡದವನ್ನೂ.

ಇಪ್ಪತ್ತಮೂರರ ಬೆಳಿಗ್ಗೆ ಮೊದಲ ಚಿಪ್ಪು ಬಿರಿಯಿತು. ಮಧ್ಯಾಹ್ನದೊಳಗೆ ಐದು, ಸಂಜೆಗೆ ಏಳು. ಎಂಟನೆಯದು ಕೊಕ್ಕಿನ ತೂತು ಮಾಡಿ ಅಲ್ಲಿಗೇ ನಿಂತಿತು. ಬಿಡಿಸಲೇ ಎಂದು ಜೋಯ್ಸ್ ಎರಡು ಸಲ ಕೇಳಿದಳು. ಮಗ್ದಲಿನ್ ಬೇಡವೆಂದಳು, ಎಳೆದು ತೆಗೆದರೆ ರಕ್ತ ಬಂದು ಸಾಯುತ್ತದೆ. ಅದು ಬರಲೇ ಇಲ್ಲ. ಏಳು ಬಂದ ಸಂತೋಷದ ನಡುವೆ ಅವಳು ಆ ಒಂದನ್ನು ಬಾಳೆಬುಡದಲ್ಲಿ ಹೂಳಿ ಬಹಳ ಹೊತ್ತು ಅಲ್ಲೇ ನಿಂತಿದ್ದಳು. ಮರಳಿ ಬಂದಾಗ ಏಳೂ ಒಣಗಿ ಹತ್ತಿಯುಂಡೆಯಂತಾಗಿದ್ದವು. ನಾಲ್ಕರ ನೆತ್ತಿಯ ಮೇಲೆ ಜುಟ್ಟಿನ ಗುಬುಟು ಸ್ಪಷ್ಟವಾಗಿತ್ತು. ಏಳೂ ಟ್ಯೂಬಿನ ಅಡಿಗೆ ತೂರಿಕೊಂಡು, ಲಾರಿಯ ಆ ರಬ್ಬರಿಗೆ ತಲೆ ಒತ್ತಿ ನಿದ್ದೆ ಮಾಡು‌ತ್ತಿದ್ದವು.

ಸುದ್ದಿ ಹರಡಿತು. ಚಾಹುಡಿಯ ತಮಾಷೆ ಮಾಡಿದವರೂ ಬಂದು ಕೊಟ್ಟಿಗೆಯಲ್ಲಿ ಇಣುಕಿದರು. ಆಂಬ್ರೋಸನನ್ನು ಇನ್ನು ಹಿಡಿಯುವವರಿರಲಿಲ್ಲ. ಮೊದಲು ಬಚ್ಚಲಿಗೆ ಪೈಪು ಎಳೆದ. ಬಾವಿಯ ನೀರಿನ ತಾಮ್ರದ ಹಂಡೆಯೊಳಗೆ ಬಿಸಿನೀರಿನ ಸುರುಳಿ ಇಳಿಸಿದ, ವಾಸನೆಯೂ ಇಲ್ಲ, ಸಿಪ್ಪೆ ಉರಿಸುವ ಕೆಲಸವೂ ಇಲ್ಲ. ಜೂನ್ ಮಳೆಗೆ ದಮಯಂತಿಯ ಹಲಸಿನ ಹಪ್ಪಳ ಒಣಗದೆ ಬೂಸು ಹಿಡಿಯುತ್ತಿತ್ತು. ಕೊಟ್ಟಿಗೆಯ ಇನ್ನೊಂದು ಬದಿಯಲ್ಲಿ, ಹಿಂದೆ ಬೇಡವಾದ ಆ ತಗಡನ್ನೇ ಹಾಕಿ, ಅಡಿಯಲ್ಲಿ ಪೈಪು ಓಡಿಸಿ ಒಣಗಿಸುವ ಕಪಾಟು ಮಾಡಿಕೊಟ್ಟ. "ಹಪ್ಪಳಕ್ಕೆ ಕೆಳಗಿನ ಬಿಸಿ ಆದೀತಲ್ಲ?" ಎಂದು ಹೆಂಡತಿಯ ಕಡೆ ನೋಡಿಯೇ ಶುರುಮಾಡಿದ. ತೋಟದ ಕೆಲಸಕ್ಕೆ ಬರುವ ಚೋಮ, ಮನೆಗೆ ಹೋಗುವ ಮೊದಲು ಹೊರಗೆ ಬೀಳುವ ನೀರಿನಲ್ಲಿ ನೋಯುವ ಮೊಣಕಾಲು ನೆನೆಸಿಕೊಂಡು ಕೂರುತ್ತಿದ್ದ. ಅಷ್ಟೆಲ್ಲ ದಾಟಿ ಬರುವಷ್ಟರಲ್ಲಿ ನೀರು ತಣಿದಿರುತ್ತಿತ್ತು, ಟ್ಯಾಂಕಿಯಲ್ಲಿ ನಿಲ್ಲಿಸದೆಯೇ ಅಡಿಕೆ ಸಸಿಯ ಬುಡಕ್ಕೆ ಹೋಗುತ್ತಿತ್ತು.

ಆದರೆ ಮಗ್ದಲಿನ್‌ಗೆ ಹೊಸ ಚಿಂತೆ ಹತ್ತಿತ್ತು. ನೀರು ಕಾವು ಕೊಟ್ಟೀತು, ಮರಿಗಳಿಗೆ ಕೆದಕಲು ಯಾರು ಕಲಿಸಬೇಕು? ತಾಯಿಕೋಳಿ ನೆಲ ಕೆದಕಿ, ಕರೆದು, ಕೊಕ್ಕಿನಲ್ಲಿ ತೋರಿಸಿ ಕೊಡುತ್ತದೆ. ಇವು ತಟ್ಟೆಯಲ್ಲಿ ಹಾಕಿದ ನುಚ್ಚು ತಿನ್ನುತ್ತವೆ, ತಟ್ಟೆ ಖಾಲಿಯಾದರೆ ನಿಂತು ಕೂಗುತ್ತವೆ. ಹೀಗಾದರೆ ಇವು ಅಂಗಡಿಯ ಕೋಳಿಯಾದಾವೇ ಹೊರತು ಅಮ್ಮನ ಕೋಳಿಯಾಗಲಾರವು.

ಹಾಗಾಗಿ ಮಳೆ ಬಿಟ್ಟ ಬೆಳಿಗ್ಗೆಗಳಲ್ಲಿ ಅವಳು ಏಳನ್ನೂ ಬುಟ್ಟಿಯಲ್ಲಿ ಹಿತ್ತಲಿಗೆ ಒಯ್ದು, ಐವತ್ತೇಳು ವರ್ಷದ ಮೊಣಕಾಲು ಮಡಚಿ ಕೂತು, ಎರಡು ಬೆರಳಿನಿಂದ ತರಗೆಲೆ ಕೆದಕತೊಡಗಿದಳು. ಕೆದಕುವುದು, ಹಿಂದೆ ಸರಿಯುವುದು, ಬೆರಳ ತುದಿಯಿಂದ ಟೊಕ್ ಟೊಕ್ ಎಂದು ಕುಟ್ಟುವುದು, ಗಂಟಲಲ್ಲಿ ಕೋಳಿಯ ಹಾಗೆ ಸಣ್ಣಗೆ ಕರೆಯುವುದು. ಮರಿಗಳು ಸುತ್ತ ನಿಂತು ಅವಳ ಮುಖವನ್ನೇ ನೋಡಿದವು. ಮೊದಲ ದಿನ ಏನೂ ಆಗಲಿಲ್ಲ. ಎರಡನೆಯ ದಿನವೂ ಇಲ್ಲ. ನಾಲ್ಕನೆಯ ದಿನ ಬೆಳಿಗ್ಗೆ, ಜುಟ್ಟಿಲ್ಲದ ಒಂದು ಮರಿ ತರಗೆಲೆಯ ಮೇಲೆ ನಿಂತು, ಕಾಲನ್ನು ಹಿಂದಕ್ಕೆ ಎಳೆಯಿತು. ಎಲೆ ಸರಿಯಿತು. ಅಡಿಯಲ್ಲಿ ಗೆದ್ದಲು. ಮರಿ ಒಂದು ಕ್ಷಣ ತಾನು ಮಾಡಿದ್ದನ್ನೇ ನೋಡಿ, ಕುಕ್ಕಿತು. ಉಳಿದ ಆರೂ ಓಡಿಬಂದವು.

ಅಡುಗೆಮನೆಯ ಬಾಗಿಲಲ್ಲಿ ಚಾ ಹಿಡಿದು ನಿಂತಿದ್ದ ಆಂಬ್ರೋಸ್, "ಇನ್ನು ಮರ ಹತ್ತಲಿಕ್ಕೂ ನೀನೇ ಕಲಿಸ್ಲಿಕ್ಕುಂಟಾ?" ಎಂದು ಕೇಳಿದ.

"ಅದಕ್ಕೆ ನೀವು ಉಂಟಲ್ಲ," ಎಂದಳು ಮಗ್ದಲಿನ್, ಮರಿಗಳಿಂದ ಕಣ್ಣು ತೆಗೆಯದೆ. "ಚಾ ಕುಡಿದು ಆ ಪೇರಳೆ ಮರ ಹತ್ತಿ. ಸಣ್ಣ ಕೊಂಬೆಯಿಂದ ಶುರುಮಾಡಿ."

ಅವಳು ಕೂತಲ್ಲಿಂದ ಸ್ವಲ್ಪ ಮುಂದೆ ಸರಿದು, ಇನ್ನೊಂದು ಹಿಡಿ ತರಗೆಲೆಯನ್ನು ಮರಿಗಳ ಎದುರಿಗೆ ಎಳೆದಿಟ್ಟಳು.